ಬ್ರೌಸರ್ ತೆರೆದರೆ ಸಾಕು ಫ್ಯಾನ್ ಕೂಗುತ್ತದೆ, ಲ್ಯಾಪ್‌ಟಾಪ್‌ಗೆ ವಯಸ್ಸಾಯಿತಾ?

ಈ ಸಲದ ಪತ್ರಗಳಲ್ಲಿ ಬಹಳಷ್ಟು ಒಂದೇ ತೊಂದರೆಯ ಸುತ್ತ ಇವೆ. ಬ್ರೌಸರ್ ತೆರೆದರೆ ಲ್ಯಾಪ್‌ಟಾಪ್ ಬಿಸಿ, ಫ್ಯಾನ್ ಸದ್ದು, ಬ್ಯಾಟರಿ ಖಾಲಿ, ಸಿಪಿಯು (ಲೆಕ್ಕವೆಲ್ಲ ಮಾಡುವ ಪ್ರೋಸೆಸರ್ ಚಿಪ್) ಬಳಕೆಯ ಅಂಕಿ ಮೇಲೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಹಿಡಿದಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಅದರಲ್ಲಿ ಹುಡುಕುವ ದಾರಿ ಪೂರ್ತಿ ಇದೆ.

ಪ್ರಶ್ನೆ: ಸರ್, ನಾನು ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. 2017ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. 6ನೇ ತಲೆಮಾರಿನ ಐ3 ಪ್ರೋಸೆಸರ್, 8 ಜಿಬಿ ರ್ಯಾಮ್, ವಿಂಡೋಸ್ 10. ಎಸ್‌ಎಸ್‌ಡಿ ಆಮೇಲೆ ಹಾಕಿಸಿದ್ದು. ಬ್ರೌಸರ್ ತೆರೆದ ಐದು ನಿಮಿಷಕ್ಕೆ ಫ್ಯಾನ್ ಜೋರಾಗಿ ತಿರುಗುತ್ತದೆ. ಏನೂ ಮಾಡದೆ ಸುಮ್ನೆ ಇಟ್ಟರೂ ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಂದೆ 25%, 26% ಅಂತ ತೋರಿಸುತ್ತಲೇ ಇರುತ್ತದೆ, ಇಳಿಯುವುದೇ ಇಲ್ಲ. ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು. ಪೇಟೆಯ ಅಂಗಡಿಗೆ ಕೊಟ್ಟೆ, ಫಾರ್ಮ್ಯಾಟ್ ಮಾಡಿಕೊಟ್ಟರು. ಎರಡು ದಿನ ಚೆನ್ನಾಗಿತ್ತು. ಆಮೇಲೆ ಬ್ರೌಸರ್‌ನಲ್ಲಿ ನನ್ನ ಅಕೌಂಟಿಗೆ ಲಾಗಿನ್ ಆದೆ, ಹಳೆಯ ಬುಕ್‌ಮಾರ್ಕ್ ಎಲ್ಲ ವಾಪಸ್ ಬಂದವು, ಜೊತೆಗೆ ಫ್ಯಾನ್ ಸದ್ದೂ ಬಂತು. ಈಗ ಅಂಗಡಿಯವರು ‘ಮೇಡಂ, ಇದಕ್ಕೆ ವಯಸ್ಸಾಯಿತು, ಹೊಸದು ತಗೊಳ್ಳಿ’ ಅನ್ನುತ್ತಿದ್ದಾರೆ. ನಿಜಕ್ಕೂ ಹೊಸದು ಬೇಕಾ?

ಉತ್ತರ: ಬೇಡ ಮೇಡಂ, ಈ ಕಾರಣಕ್ಕಂತೂ ಬೇಡ. ನಿಮ್ಮ ಪತ್ರ ಓದುವಾಗಲೇ ಎರಡು ಸುಳಿವು ಕಂಡವು, ಎರಡನ್ನೂ ನೀವೇ ಬರೆದಿದ್ದೀರಿ. ಅದಕ್ಕೇ ತಕ್ಷಣ ಮೇಲ್ ಮಾಡಿ ಇನ್ನೊಂದೆರಡು ವಿಷಯ ಕೇಳಿದೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಆ ಮಾತುಕತೆಯನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಸುಳಿವು ಆ 25, ಅಂದರೆ ಒಟ್ಟು ಸಿಪಿಯು ಶಕ್ತಿಯಲ್ಲಿ ಬ್ರೌಸರ್ ತಿನ್ನುತ್ತಿರುವ ಪಾಲು. ಆರೋಗ್ಯವಾಗಿರುವ ಬ್ರೌಸರ್‌ನ ಅಂಕಿ ಏರಿಳಿಯುತ್ತಿರುತ್ತದೆ. ಹೊಸ ಪುಟ ತೆರೆದಾಗ 60ಕ್ಕೂ ಹೋಗಬಹುದು, ನೀವು ಓದುತ್ತಾ ಕೂತಾಗ 2ಕ್ಕೋ 3ಕ್ಕೋ ಬರುತ್ತದೆ. ನಿಮ್ಮದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಿಮ್ಮ ಐ3ಯಲ್ಲಿ ಇರುವುದು 2 ಕೋರ್ (ಪ್ರೋಸೆಸರ್ ಒಳಗೆ ಬೇರೆ ಬೇರೆಯಾಗಿ ದುಡಿಯುವ ಭಾಗಗಳು), ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸ ಹಿಡಿಯುವುದರಿಂದ ವಿಂಡೋಸ್ ಲೆಕ್ಕಕ್ಕೆ ಅವು 4. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿದರೆ ‘ಲಾಜಿಕಲ್ ಪ್ರೋಸೆಸರ್ಸ್: 4’ ಅಂತ ಬರೆದಿರುತ್ತದೆ, ನೋಡಿ. ಈ ನಾಲ್ಕೂ ಪೂರ್ತಿ ದುಡಿದರೆ 100 ಅನ್ನುವುದು ವಿಂಡೋಸ್‌ನ ಲೆಕ್ಕ, ಒಂದು ಮಾತ್ರ ಪೂರ್ತಿ ದುಡಿದರೆ 25. ಒಂದು ಪುಟದ ಅಥವಾ ಎಕ್ಸ್‌ಟೆನ್ಷನ್‌ನ (ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ಜಾವಾಸ್ಕ್ರಿಪ್ಟ್, ಅಂದರೆ ಅದನ್ನು ನಡೆಸುವ ಕೋಡ್, ಸಾಮಾನ್ಯವಾಗಿ ಒಂದೇ ಎಳೆಯಲ್ಲಿ ಓಡುತ್ತದೆ. ಅದು ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತಲು ಶುರುಮಾಡಿದರೆ ನಾಲ್ಕರಲ್ಲಿ ಒಂದನ್ನು ಪೂರ್ತಿ ತಿನ್ನುತ್ತದೆ, ಇನ್ನೊಂದಕ್ಕೆ ಕೈ ಹಾಕಲು ಅದಕ್ಕೆ ಆಗುವುದಿಲ್ಲ. ಹಾಗಾಗಿ 25ಕ್ಕೆ ಅಂಟಿಕೊಂಡು ನಿಂತ ಅಂಕಿ ನೋಡಿದ ಕೂಡಲೇ ನನಗೆ ಅನ್ನಿಸಿದ್ದು, ಇಡೀ ಯಂತ್ರ ಸೋತಿಲ್ಲ, ಎಲ್ಲೋ ಒಂದೇ ಒಂದು ಕಡೆ ಏನೋ ಸಿಕ್ಕಿಕೊಂಡಿದೆ ಅಂತ.

ಬೇರೆ ಓದುಗರು ಇದನ್ನು ತಮ್ಮ ಯಂತ್ರಕ್ಕೆ ಹೊಂದಿಸಿಕೊಳ್ಳಬೇಕು. 8 ಲಾಜಿಕಲ್ ಪ್ರೋಸೆಸರ್ ಇದ್ದರೆ ಇದೇ ತೊಂದರೆ 12 ಅಥವಾ 13 ಅಂತ ಕಾಣುತ್ತದೆ. ‘ಬರೀ 12 ತಾನೇ’ ಅಂತ ಬಿಟ್ಟುಬಿಡುತ್ತಾರೆ, ಅಷ್ಟರಲ್ಲಿ ಬ್ಯಾಟರಿ ಕರಗುತ್ತಿರುತ್ತದೆ. ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್‌ನಲ್ಲಿ, ಲಿನಕ್ಸ್‌ನ ‘ಟಾಪ್’ ಅನ್ನುವ ಪ್ರೋಗ್ರಾಂನಲ್ಲಿ ಲೆಕ್ಕವೇ ಬೇರೆ, ಅಲ್ಲಿ ಒಂದು ಕೋರ್ ತುಂಬಿದರೆ 100 ಅಂತ ತೋರಿಸುತ್ತದೆ, 180 ಅಂತಲೂ ಬರಬಹುದು, ಅದನ್ನು ನೋಡಿ ಗಾಬರಿ ಆಗಬೇಡಿ.

ಎರಡನೇ ಸುಳಿವು ಇನ್ನೂ ಸ್ಪಷ್ಟ. ಫಾರ್ಮ್ಯಾಟ್ ಆದ ಮೇಲೆ ಎರಡು ದಿನ ಚೆನ್ನಾಗಿತ್ತು, ಲಾಗಿನ್ ಆದ ಮೇಲೆ ತೊಂದರೆ ವಾಪಸ್ ಬಂತು ಅಂದಿರಿ. ಲಾಗಿನ್ ಆಗಿ ಸಿಂಕ್, ಅಂದರೆ ಅಕೌಂಟಿನಲ್ಲಿ ಉಳಿದಿರುವುದನ್ನು ಈ ಬ್ರೌಸರ್‌ಗೆ ತರುವ ಕೆಲಸ, ಶುರುವಾದಾಗ ಬುಕ್‌ಮಾರ್ಕ್ ಮಾತ್ರ ಬರುವುದಿಲ್ಲ, ನೀವು ಹಿಂದೆ ಹಾಕಿಕೊಂಡಿದ್ದ ಎಕ್ಸ್‌ಟೆನ್ಷನ್‌ಗಳೂ ತಾವಾಗಿಯೇ ಇನ್‌ಸ್ಟಾಲ್ ಆಗುತ್ತವೆ. ಲ್ಯಾಪ್‌ಟಾಪ್‌ಗೆ ವಯಸ್ಸಾಗಿದ್ದರೆ ಆ ಎರಡು ದಿನವೂ ಫ್ಯಾನ್ ಕೂಗಬೇಕಿತ್ತು, ಅಲ್ವಾ? ಅಂಗಡಿಯವರು ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ನಿಮ್ಮ ಓಡಾಟ, ದುಡ್ಡು ಎರಡೂ ಉಳಿಯುತ್ತಿದ್ದವು. ನನಗೆ ಬೇಸರ ತರುವುದು ಇದೇ. ಒಂದು ಮನೆಯಲ್ಲಿ ಲ್ಯಾಪ್‌ಟಾಪ್ ಅಂದರೆ ಕೆಲವು ತಿಂಗಳ ಉಳಿತಾಯ. ಯಾವುದು ತಿನ್ನುತ್ತಿದೆ ಅಂತ ಎರಡು ನಿಮಿಷ ನೋಡದೆ ಹೊಸದು ತಗೊಳ್ಳಿ ಅನ್ನುವುದು ಸರಿಯಲ್ಲ.

ಈಗ ಆ ಎರಡು ನಿಮಿಷದ ಕೆಲಸಕ್ಕೆ ಬರುತ್ತೇನೆ. ಬ್ರೌಸರ್ ಅನ್ನುವುದು ಒಂದು ವಠಾರ ಇದ್ದ ಹಾಗೆ. ಒಳಗೆ ಹತ್ತಾರು ಮನೆ, ಬೀದಿಗೆ ಮಾತ್ರ ಒಂದೇ ಕರೆಂಟ್ ಮೀಟರ್. ವಿಂಡೋಸ್ ಟಾಸ್ಕ್ ಮ್ಯಾನೇಜರ್ ನಿಮಗೆ ತೋರಿಸಿದ್ದು ಆ ಒಂದು ಮೀಟರನ್ನು. 2008ರಲ್ಲಿ ಕ್ರೋಮ್ ಬಂದಾಗಲೇ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಲ್ಲಿ (ಕಂಪ್ಯೂಟರ್ ಪ್ರತ್ಯೇಕವಾಗಿ ನಡೆಸುವ ಕೆಲಸಗಳು) ಓಡಿಸುವ ವ್ಯವಸ್ಥೆ ಇತ್ತು, ಒಂದು ಟ್ಯಾಬ್ ಕೆಟ್ಟರೆ ಉಳಿದವು ಬೀಳಬಾರದು ಅಂತ. 2018ರ ಜನವರಿಯಲ್ಲಿ, ಒಂದು ಸೈಟು ಇನ್ನೊಂದರ ಮಾಹಿತಿ ಕದಿಯಬಹುದಾದ ಸ್ಪೆಕ್ಟರ್ ಅನ್ನುವ ಪ್ರೋಸೆಸರ್ ದೋಷ ಬಯಲಾಯಿತು, ಹಾಗಾಗಿ ಅದೇ ವರ್ಷ ಕ್ರೋಮ್ ಒಂದು ಪುಟದೊಳಗಿನ ಬೇರೆ ಸೈಟಿನ ತುಂಡುಗಳನ್ನೂ, ಅಂದರೆ ಜಾಹೀರಾತಿನಂಥವನ್ನೂ, ಬೇರೆ ಪ್ರೋಸೆಸ್‌ಗೆ ಹಾಕತೊಡಗಿತು. ಫೈರ್‌ಫಾಕ್ಸ್ ಕೂಡ 2021ರ ಕೊನೆಗೆ ಇದೇ ದಾರಿಗೆ ಬಂತು. ಹಾಗಾಗಿ ಪಟ್ಟಿಯಲ್ಲಿ ಒಂದೇ ಬ್ರೌಸರ್‌ನ ಹೆಸರು ಇಪ್ಪತ್ತು ಸಲ ಕಂಡರೆ ಅದು ವೈರಸ್ ಅಲ್ಲ, ವಠಾರದ ಮನೆಗಳು.

ಯಾವ ಮನೆಯ ಮೀಟರ್ ಓಡುತ್ತಿದೆ ಅಂತ ತಿಳಿಯಲು ಬ್ರೌಸರ್‌ನದೇ ಟಾಸ್ಕ್ ಮ್ಯಾನೇಜರ್ ಬೇಕು. ನೀವು ಬಳಸುವುದು ಕ್ರೋಮ್ ಅಂತ ಮೇಲ್‌ನಲ್ಲಿ ತಿಳಿಸಿದಿರಿ. ಬ್ರೌಸರ್ ಎದುರಿಗಿರುವಾಗ ಶಿಫ್ಟ್ ಒತ್ತಿ ಹಿಡಿದು ಎಸ್ಕೇಪ್ ಒತ್ತಿ. ಎಡ್ಜ್‌ನಲ್ಲೂ ಇದೇ ಕೀಲಿ. ಫೈರ್‌ಫಾಕ್ಸ್‌ನಲ್ಲಿ ಮೇಲಿನ ಮೂರು ಗೆರೆಯ ಮೆನು, ಅದರಲ್ಲಿ ಮೋರ್ ಟೂಲ್ಸ್, ಅದರೊಳಗೆ ಟಾಸ್ಕ್ ಮ್ಯಾನೇಜರ್. ಮ್ಯಾಕ್ ಕ್ರೋಮ್‌ನಲ್ಲಿ ವಿಂಡೋ ಮೆನುವಿನಲ್ಲಿದೆ. ಬಂದ ಪಟ್ಟಿಯಲ್ಲಿ ಸಿಪಿಯು ಅನ್ನುವ ತಲೆಬರಹದ ಮೇಲೆ ಕ್ಲಿಕ್ ಮಾಡಿ, ದೊಡ್ಡ ಅಂಕಿ ಮೇಲೆ ಬರಲಿ. ಆಮೇಲೆ ಮೌಸ್ ಮುಟ್ಟದೆ ಒಂದು ನಿಮಿಷ ನೋಡುತ್ತಾ ಕೂರಿ. ಒಂದು ಕ್ಷಣ ಮೇಲೆ ಹಾರಿ ಕೆಳಗೆ ಬಿದ್ದದ್ದನ್ನು ಬಿಟ್ಟುಬಿಡಿ. ಮೇಲೆಯೇ ಕೂತಿರುವ ಸಾಲನ್ನು ಬರೆದುಕೊಳ್ಳಿ. ಕ್ರೋಮ್‌ನ ಈ ಪಟ್ಟಿಯಲ್ಲಿ ಒಂದು ಕೋರ್ ತುಂಬಿದರೆ 100 ಅಂತ ಲೆಕ್ಕ, ವಿಂಡೋಸ್ 25 ಅಂದದ್ದನ್ನು ಇದು 100 ಅನ್ನುತ್ತದೆ. ಎರಡೂ ಸರಿಯೇ.

ಸಾಲಿನ ಹೆಸರೇ ಅರ್ಧ ಉತ್ತರ. ‘ಟ್ಯಾಬ್’ ಅಂತ ಶುರುವಾದರೆ ಆ ಪುಟ. ‘ಸಬ್‌ಫ್ರೇಮ್’ ಅಂದರೆ ಪುಟದೊಳಗೆ ಕೂತ ಬೇರೆ ಸೈಟಿನ ತುಂಡು, ಹೆಚ್ಚಿನ ಸಲ ಜಾಹೀರಾತು ಅಥವಾ ವಿಡಿಯೊ. ‘ಎಕ್ಸ್‌ಟೆನ್ಷನ್’ ಅಂತಿದ್ದರೆ ಅದರ ಹೆಸರೂ ಪಕ್ಕದಲ್ಲೇ ಇರುತ್ತದೆ. ‘ಜಿಪಿಯು ಪ್ರೋಸೆಸ್’ ಅನ್ನುವುದು ಪರದೆಗೆ ಚಿತ್ರ ಬಿಡಿಸುವ ಕೆಲಸದ್ದು, ಅದು ಮೇಲಿದ್ದರೆ ಎಲ್ಲೋ ಏನೋ ಎಡೆಬಿಡದೆ ಅಲ್ಲಾಡುತ್ತಿದೆ ಅಂತ ಅರ್ಥ.

ನಿಮ್ಮಿಂದ ಮರುದಿನವೇ ಸ್ಕ್ರೀನ್‌ಶಾಟ್ ಬಂತು. ಮೇಲಿನ ಸಾಲು ಒಂದು ಎಕ್ಸ್‌ಟೆನ್ಷನ್, ಮುಂದೆ 98. ಮಕ್ಕಳಿಗೆ ಪಾಠದ ಪುಟದ ಚಿತ್ರ ತೆಗೆದುಕೊಡಲು ಎರಡು ವರ್ಷದ ಹಿಂದೆ ಹಾಕಿದ್ದು, ಈಗ ಬಳಸುವುದೇ ಇಲ್ಲ ಅಂದಿರಿ. ತೆಗೆಯುವ ಮೊದಲು ಖಾತ್ರಿ ಮಾಡಿಕೊಳ್ಳಲು ಎರಡು ಪರೀಕ್ಷೆ ಹೇಳಿದೆ. ಒಂದು, ಆ ಸಾಲನ್ನು ಆರಿಸಿ ಎಂಡ್ ಪ್ರೋಸೆಸ್ ಒತ್ತಿ, ಫ್ಯಾನ್ ಇಳಿಯುತ್ತಾ ಕೇಳಿ. ಎರಡು, ಎಲ್ಲ ಕಿಟಕಿ ಮುಚ್ಚಿ ಇನ್‌ಕಾಗ್ನಿಟೊ ಕಿಟಕಿ ಒಂದನ್ನೇ ತೆರೆದು ಅದೇ ಪುಟಗಳನ್ನು ನೋಡಿ. ನೀವಾಗಿ ಅನುಮತಿ ಕೊಡದಿದ್ದರೆ ಇನ್‌ಕಾಗ್ನಿಟೊದಲ್ಲಿ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ. ಅಲ್ಲಿ ಶಾಂತವಾಗಿದ್ದು ಮಾಮೂಲಿ ಕಿಟಕಿಯಲ್ಲಿ ಮಾತ್ರ ಕೂಗಿದರೆ ತಪ್ಪು ಎಕ್ಸ್‌ಟೆನ್ಷನ್‌ನದು ಅಂತ ಬಹುತೇಕ ಖಾತ್ರಿ. ಫೈರ್‌ಫಾಕ್ಸ್‌ನವರಿಗೆ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಇದೆ, ಅದು ಎಲ್ಲ ಆಡ್‌ಆನ್‌ಗಳನ್ನು (ಎಕ್ಸ್‌ಟೆನ್ಷನ್‌ಗೆ ಅಲ್ಲಿನ ಹೆಸರು) ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ನಿಮ್ಮಲ್ಲಿ ಎರಡೂ ಪರೀಕ್ಷೆ ಒಂದೇ ಉತ್ತರ ಕೊಟ್ಟವು. ಎಕ್ಸ್‌ಟೆನ್ಷನ್ ತೆಗೆದಿರಿ, 25 ಹೋಯಿತು. ಸಿಂಕ್ ಆನ್ ಇರುವಾಗಲೇ ತೆಗೆದದ್ದರಿಂದ ಮುಂದೆ ಬೇರೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆದರೂ ಅದು ವಾಪಸ್ ಬರುವುದಿಲ್ಲ.

ಎಕ್ಸ್‌ಟೆನ್ಷನ್ ಹಾಕುವಾಗ ಒಳ್ಳೆಯದಿತ್ತಲ್ಲ, ಆಮೇಲೆ ಹೇಗೆ ಕೆಟ್ಟಿತು ಅಂತ ಕೇಳಿದ್ದೀರಿ. ಎಕ್ಸ್‌ಟೆನ್ಷನ್‌ಗಳು ನಮಗೆ ಗೊತ್ತಾಗದೆ ಅಪ್‌ಡೇಟ್ ಆಗುತ್ತವೆ, ಕೆಲವು ಸಲ ಮಾಲೀಕರೇ ಬದಲಾಗುತ್ತಾರೆ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರ್ ಹಗುರ ಮಾಡುವುದೇ ಅದರ ಕೆಲಸ, ಲಕ್ಷಾಂತರ ಜನ ನಂಬಿ ಹಾಕಿಕೊಂಡಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಹೋಯಿತು, ಒಳಗೆ ಬೇಡದ ಕೋಡ್ ಸೇರಿತು, 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್ ಅದನ್ನು ಎಕ್ಸ್‌ಟೆನ್ಷನ್ ಸಿಗುವ ತನ್ನ ವೆಬ್ ಸ್ಟೋರ್‌ನಿಂದಲೂ ಜನರ ಬ್ರೌಸರ್‌ಗಳಿಂದಲೂ ತೆಗೆದುಹಾಕಿತು. ನಿಮ್ಮದರಲ್ಲಿ ಅಂಥದ್ದೇ ಆಗಿದೆ ಅಂತ ನಾನು ಹೇಳುವುದಿಲ್ಲ, ಬರೀ ಕೆಟ್ಟ ಕೋಡ್ ಕೂಡ ಇರಬಹುದು. ಆದರೆ ಬಳಸದ ಎಕ್ಸ್‌ಟೆನ್ಷನ್ ಇಟ್ಟುಕೊಳ್ಳಬೇಡಿ, ಖಾಲಿ ಮನೆಯಲ್ಲಿ ದೀಪ ಉರಿಸಿ ಬಂದ ಹಾಗೆ.

ಇಷ್ಟಾದ ಮೇಲೂ ನೀವು ಇನ್ನೊಂದು ಮೇಲ್ ಕಳಿಸಿದಿರಿ. ಈಗ 25 ಇಲ್ಲ, ಆದರೆ ಒಂದು ಸುದ್ದಿ ಸೈಟ್ ತೆರೆದಿಟ್ಟರೆ 10, 12 ಬರುತ್ತದೆ, ಜಿಪಿಯು ಪ್ರೋಸೆಸ್ ಮತ್ತು ಆ ಟ್ಯಾಬ್ ಎರಡೂ ಮೇಲಿರುತ್ತವೆ, ನಾನು ಓದುತ್ತಿರುತ್ತೇನೆ ಅಷ್ಟೆ ಅಂತ. ಆ ಪುಟದ ಮೇಲ್ಗಡೆ ಸುದ್ದಿಯ ಪಟ್ಟಿ ಓಡುತ್ತಿದೆ, ಬದಿಯಲ್ಲಿ ಜಾಹೀರಾತು ಮಿನುಗುತ್ತಿದೆ. ನಮ್ಮ ಕಣ್ಣಿಗೆ ಚಿಕ್ಕ ಚಲನೆ, ಆದರೆ ಬ್ರೌಸರ್ ಅದಕ್ಕಾಗಿ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಪರದೆ ಬಿಡಿಸಬೇಕು. ಇದು ಎಷ್ಟು ದುಬಾರಿ ಅನ್ನುವುದಕ್ಕೆ 2017ರ ಒಂದು ಪ್ರಸಂಗ ಹೇಳುತ್ತೇನೆ. ವಿಎಸ್ ಕೋಡ್ ಅನ್ನುವ, ಪ್ರೋಗ್ರಾಂ ಬರೆಯುವವರ ಎಡಿಟರ್ ಕ್ರೋಮಿಯಂ, ಅಂದರೆ ಕ್ರೋಮ್‌ನ ಒಳತಿರುಳಿನ ಮೇಲೆಯೇ ಕಟ್ಟಿದ್ದು. ಅದನ್ನು ತೆರೆದು ಸುಮ್ಮನೆ ಇಟ್ಟರೂ ಒಬ್ಬರ ಯಂತ್ರದಲ್ಲಿ ಸುಮಾರು 13% ಸಿಪಿಯು ಹೋಗುತ್ತಿತ್ತು. ಹುಡುಕಿದರೆ ಕಾರಣ ಮಿನುಗುವ ಕರ್ಸರ್! ಸೆಕೆಂಡಿಗೆ ಎರಡು ಸಲ ಬಿಡಿಸಿದರೆ ಸಾಕಾಗಿದ್ದ ಆ ಗೆರೆಯನ್ನು ವೆಬ್‌ಪುಟಗಳ ಅಂದಚೆಂದಕ್ಕೆ ಬಳಸುವ ಸಿಎಸ್‌ಎಸ್‌ನ ಆನಿಮೇಷನ್‌ನಿಂದ ಮಾಡಿದ್ದರು, ಬ್ರೌಸರ್ ಎಂಜಿನ್ ಅದನ್ನು 60 ಸಲ ಬಿಡಿಸುತ್ತಿತ್ತು. ಒಂದು ಕರ್ಸರ್‌ಗೇ ಇಷ್ಟಾದರೆ ಒಂದು ಸುದ್ದಿಪುಟದ ಹತ್ತು ಮಿನುಗುಗಳ ಲೆಕ್ಕ ಹಾಕಿ.

ಜಾಹೀರಾತಿನ ವಿಷಯದಲ್ಲಿ ಬ್ರೌಸರ್‌ಗಳೂ ಸುಮ್ಮನೆ ಕೂತಿಲ್ಲ. 2020ರಿಂದ ಕ್ರೋಮ್‌ನಲ್ಲಿ ಒಂದು ನಿಯಮ ಇದೆ. ನೀವು ಮುಟ್ಟಿರದ ಜಾಹೀರಾತು 4 ಎಂಬಿ ಡೇಟಾ ತಿಂದರೆ, ಅಥವಾ ಯಾವುದೇ 30 ಸೆಕೆಂಡಿನಲ್ಲಿ 15 ಸೆಕೆಂಡು ಪ್ರೋಸೆಸರ್ ಹಿಡಿದುಕೊಂಡರೆ, ಅಥವಾ ಒಟ್ಟು 60 ಸೆಕೆಂಡು ಮೀರಿದರೆ, ಅದನ್ನು ಇಳಿಸಿಬಿಡುತ್ತದೆ. ಆದರೂ ಮಿತಿಯ ಒಳಗೇ ಇರುವ ಐದಾರು ಸೇರಿದರೆ ಭಾರವೇ. ಓದಿ ಮುಗಿದ ಮೇಲೆ ಆ ಟ್ಯಾಬ್ ಮುಚ್ಚಿ, ಇಲ್ಲವೇ ಬೇರೆ ಟ್ಯಾಬ್‌ಗೆ ಹೋಗಿ. ಹಿಂದೆ ಸರಿದ ಟ್ಯಾಬ್‌ಗೆ ಪರದೆ ಬಿಡಿಸುವ ಕೆಲಸ ಇರುವುದಿಲ್ಲ. 2017ರಿಂದ ಕ್ರೋಮ್ ಹಿನ್ನೆಲೆ ಟ್ಯಾಬ್‌ಗಳ ಟೈಮರ್‌ಗಳಿಗೆ (ಪುಟದ ಕೋಡನ್ನು ಆಗಾಗ ಎಬ್ಬಿಸುವ ಗಡಿಯಾರಗಳು) ಕಡಿವಾಣ ಹಾಕಿದೆ, 2021ರಿಂದ ಐದು ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿದ್ದ ಪುಟದ ಟೈಮರ್‌ಗಳನ್ನು ಬಹುತೇಕ ನಿಮಿಷಕ್ಕೊಮ್ಮೆ ಮಾತ್ರ ಎಬ್ಬಿಸುತ್ತದೆ. ಹಾಡು ಹಾಡುತ್ತಿರುವ ಟ್ಯಾಬ್, ವಿಡಿಯೊ ಕರೆಯ ಟ್ಯಾಬ್ ಇಂಥವಕ್ಕೆ ವಿನಾಯಿತಿ ಇದೆ. ಹಾಗಾಗಿ ‘ಹದಿನೈದು ಟ್ಯಾಬ್ ಇಟ್ಟಿದ್ದಕ್ಕೇ ಬಿಸಿ’ ಅನ್ನುವ ಮಾತು ಸಿಪಿಯು ಮಟ್ಟಿಗೆ ಪೂರ್ತಿ ಸರಿಯಲ್ಲ. ಅವು ತಿನ್ನುವುದು ಮುಖ್ಯವಾಗಿ ರ್ಯಾಮ್. ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿ ಸೇವರ್ ಆನ್ ಮಾಡಿದರೆ ಬಹಳ ಹೊತ್ತು ಮುಟ್ಟದ ಟ್ಯಾಬ್‌ಗಳು ಮಲಗುತ್ತವೆ. ಅಲ್ಲೇ ಎನರ್ಜಿ ಸೇವರ್ ಕೂಡ ಇದೆ, ಅದು ಬ್ಯಾಟರಿಯಲ್ಲಿ ಓಡುವಾಗ ಆನಿಮೇಷನ್ ಮತ್ತು ವಿಡಿಯೊದ ವೇಗ ಕಡಿಮೆ ಮಾಡುತ್ತದೆ. ನಿಮಗೆ ಎರಡೂ ಬೇಕು.

ಒಂದು ಮಾತು ಮಾತ್ರ ಮುಚ್ಚಿಡಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 6ನೇ ತಲೆಮಾರಿನ ಪ್ರೋಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಇದು ಸುರಕ್ಷತೆಯ ಪ್ರಶ್ನೆ, ಫ್ಯಾನ್ ಸದ್ದಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಕೆಲಸ ಹೆಚ್ಚಾಗಿ ಬ್ರೌಸರ್‌ನಲ್ಲೇ ಇರುವುದರಿಂದ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡರೆ ಇದೇ ಯಂತ್ರ ಇನ್ನೂ ಕೆಲವು ವರ್ಷ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮತ್ತೆ, ಎಂಟು ವರ್ಷದ ಲ್ಯಾಪ್‌ಟಾಪ್‌ನ ಫ್ಯಾನ್ ಒಳಗೆ ಧೂಳು ತುಂಬಿರುತ್ತದೆ, ಬಿಸಿ ಹೊರಗೆ ಹೋಗದಿದ್ದರೆ ಪ್ರೋಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಒಂದು ಸಲ ಬಿಚ್ಚಿಸಿ ಕ್ಲೀನ್ ಮಾಡಿಸಿ.

ಪ್ರಶ್ನೆ: ಸರ್, ನಾನು ಬಳ್ಳಾರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮಾಮನ ಅಂಗಡಿಯ ಹಳೆ ಡೆಸ್ಕ್‌ಟಾಪ್, 4ನೇ ತಲೆಮಾರಿನ ಐ5. ಬ್ರೌಸರ್‌ನಲ್ಲಿ 1080ಪಿ ಪಾಠದ ವಿಡಿಯೊ ಹಾಕಿದರೆ ಸಿಪಿಯು 80ರ ಮೇಲೆ ಹೋಗುತ್ತದೆ, ಚಿತ್ರ ತಡೆತಡೆದು ಬರುತ್ತದೆ. ಪೆನ್‌ಡ್ರೈವ್‌ನಲ್ಲಿರುವ 1080ಪಿ ಸಿನಿಮಾ ಮಾತ್ರ ಆರಾಮಾಗಿ ಓಡುತ್ತದೆ. ಹೀಗೇಕೆ?

ಉತ್ತರ: ಹೋಲಿಸಿ ನೋಡಿದ್ದು ತುಂಬಾ ಒಳ್ಳೆಯದಾಯಿತು, ಉತ್ತರ ಅಲ್ಲೇ ಇದೆ. ವಿಡಿಯೊವನ್ನು ಕುಗ್ಗಿಸಿ ಕಟ್ಟಿ ಕಳಿಸುತ್ತಾರೆ, ನೋಡುವಾಗ ಬಿಚ್ಚಬೇಕು. ಬಿಚ್ಚುವ ಕೆಲಸಕ್ಕೆ ಗ್ರಾಫಿಕ್ಸ್ ಭಾಗದಲ್ಲಿ ಬೇರೆಯೇ ಒಂದು ಯಂತ್ರ ಇರುತ್ತದೆ. ಅದಕ್ಕೆ ಆ ಕಟ್ಟು ಬಿಚ್ಚಲು ಬಂದರೆ ಪ್ರೋಸೆಸರ್‌ಗೆ ಕೆಲಸವೇ ಇಲ್ಲ, ಬರದಿದ್ದರೆ ಎಲ್ಲ ಭಾರ ಪ್ರೋಸೆಸರ್ ಮೇಲೆ. ನಿನ್ನ 4ನೇ ತಲೆಮಾರಿನ ಇಂಟೆಲ್‌ಗೆ ಎಚ್.264 ಅನ್ನುವ ಕಟ್ಟು ಚೆನ್ನಾಗಿ ಬಿಚ್ಚಲು ಬರುತ್ತದೆ, ಪೆನ್‌ಡ್ರೈವ್ ಸಿನಿಮಾ ಬಹುಶಃ ಅದೇ. ನೀನು ಪಾಠ ನೋಡುವುದು ಯೂಟ್ಯೂಬ್‌ನಲ್ಲಿ ಅಂದುಕೊಂಡು ಹೇಳುತ್ತೇನೆ. ಅಲ್ಲಿ ಈಗ ಹೆಚ್ಚಾಗಿ ಬರುವುದು ವಿಪಿ9 ಮತ್ತು ಎವಿ1. ಇಂಟೆಲ್‌ನಲ್ಲಿ ವಿಪಿ9 ಪೂರ್ತಿಯಾಗಿ ಬಿಚ್ಚುವ ಯಂತ್ರ ಬಂದದ್ದು 7ನೇ ತಲೆಮಾರಿನಲ್ಲಿ, ಎವಿ1ಕ್ಕೆ 11ನೇ ತಲೆಮಾರು ಬೇಕಾಯಿತು. ಇವು ಕಡಿಮೆ ಡೇಟಾದಲ್ಲಿ ಅದೇ ಗುಣಮಟ್ಟ ಕೊಡುತ್ತವೆ, ಅದಕ್ಕೇ ಕಂಪನಿಗಳಿಗೆ ಇಷ್ಟ. ಹಳೆ ಯಂತ್ರದವರಿಗೆ ಮಾತ್ರ ಕಷ್ಟ.

ಊಹೆ ಬೇಡ, ನೋಡಿಯೇ ತಿಳಿದುಕೊ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸು. ಮೂಲೆಯಲ್ಲಿ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಕೋಡೆಕ್ಸ್ ಅನ್ನುವ ಸಾಲಿನಲ್ಲಿ ಎವಿಸಿ ಅಂತ ಶುರುವಾದರೆ ಎಚ್.264, ವಿಪಿ ಅಂತ ಶುರುವಾದರೆ ವಿಪಿ9, ಎವಿ ಸೊನ್ನೆ ಒಂದು ಅಂತಿದ್ದರೆ ಎವಿ1. ಅದೇ ಪಟ್ಟಿಯ ಫ್ರೇಮ್ಸ್ ಅನ್ನುವ ಸಾಲಿನಲ್ಲಿ ‘ಡ್ರಾಪ್ಡ್’ ಅಂತ ಒಂದು ಅಂಕಿ ಇದೆ, ತೋರಿಸದೆ ಬಿಟ್ಟುಹೋದ ಚಿತ್ರಗಳ ಲೆಕ್ಕ ಅದು. ಅದು ಓಡುತ್ತಾ ಹೆಚ್ಚುತ್ತಿದ್ದರೆ ಯಂತ್ರಕ್ಕೆ ಬಿಚ್ಚಲು ಆಗುತ್ತಿಲ್ಲ ಅಂತಲೇ ಅರ್ಥ. ಇಂಟರ್ನೆಟ್ ಸ್ಲೋ ಇದ್ದರೆ ವಿಡಿಯೊ ನಿಂತು ಚಕ್ರ ತಿರುಗುತ್ತದೆ, ಫ್ರೇಮ್ ಬೀಳುವುದಿಲ್ಲ, ಎರಡನ್ನೂ ಬೆರೆಸಬೇಡ.

ಆಮೇಲೆ ಬ್ರೌಸರ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆನ್ ಇದೆಯಾ ನೋಡು. ‘ಅದನ್ನು ಆಫ್ ಮಾಡಿದರೆ ಸ್ಪೀಡ್ ಆಗುತ್ತದೆ’ ಅಂತ ಯಾರೋ ಹೇಳಿದ್ದನ್ನು ಕೇಳಿ ಬಹಳ ಜನ ಆಫ್ ಮಾಡಿ ಮರೆತಿರುತ್ತಾರೆ. ಗ್ರಾಫಿಕ್ಸ್ ಡ್ರೈವರ್ ಕೆಟ್ಟಿದ್ದಾಗ ಮಾತ್ರ ಆ ಸಲಹೆ ಸರಿ, ಉಳಿದಂತೆ ಅದು ವಿಡಿಯೊದ ಪೂರ್ತಿ ಭಾರವನ್ನು ಪ್ರೋಸೆಸರ್ ತಲೆಗೆ ಹೊರಿಸುತ್ತದೆ. ಆನ್ ಇದ್ದರೂ ತೊಂದರೆ ಇದ್ದರೆ ವಿಡಿಯೊವನ್ನು 720ಪಿಗೆ ಇಳಿಸು. ಬೋರ್ಡ್ ಮೇಲಿನ ಅಕ್ಷರ ಅದರಲ್ಲೂ ಚೆನ್ನಾಗಿ ಕಾಣುತ್ತದೆ, ಬಿಚ್ಚಬೇಕಾದ ಚುಕ್ಕಿಗಳು ಮಾತ್ರ ಅರ್ಧಕ್ಕಿಂತ ಕಡಿಮೆ. ಯೂಟ್ಯೂಬ್‌ನಿಂದ ಎಚ್.264 ಮಾತ್ರ ಕೇಳುವ ಸಣ್ಣ ಎಕ್ಸ್‌ಟೆನ್ಷನ್‌ಗಳೂ ಇವೆ, ನಿನ್ನಂಥ ಯಂತ್ರಕ್ಕೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಮೇಲೆ ಎಕ್ಸ್‌ಟೆನ್ಷನ್ ಬಗ್ಗೆ ಅಷ್ಟು ಹೇಳಿದ್ದೇನೆ, ಆದ್ದರಿಂದ ಮೊದಲು 720ಪಿ ಪ್ರಯತ್ನಿಸು, ಸಾಲದಿದ್ದರೆ ಮಾತ್ರ ಅದು.

ಪರೀಕ್ಷೆಗೆ ಒಳ್ಳೆಯದಾಗಲಿ.

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದಾಗ ಸಿಪಿಯು ತಿನ್ನುವುದು ಬ್ರೌಸರ್ ಅಲ್ಲ, ಆಂಟಿವೈರಸ್. ಇವೆರಡಕ್ಕೂ ಸಂಬಂಧ ಇದೆಯಾ ಅಥವಾ ನನ್ನ ಭ್ರಮೆಯಾ? (ಮೈಸೂರಿನ ಓದುಗರು)

ಉತ್ತರ: ಭ್ರಮೆ ಅಲ್ಲ. ಬ್ರೌಸರ್ ಬರೆಯುವ ಪ್ರತಿ ಫೈಲನ್ನೂ ಆಂಟಿವೈರಸ್ ನೋಡುತ್ತದೆ, ಅದರ ನಡೆಯನ್ನೂ ಕಾಯುತ್ತದೆ. ಈ ಕಾವಲೇ ಕೆಲವು ಸಲ ದುಬಾರಿ ಆಗುತ್ತದೆ. ಎಲ್ಲರಿಗೂ ಗೊತ್ತಿರಬೇಕಾದ ಒಂದು ಪ್ರಕರಣ ಇದೆ. ಫೈರ್‌ಫಾಕ್ಸ್ ಓಡುವಾಗ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್‌ನ ಆಂಟಿಮಾಲ್‌ವೇರ್ ಸರ್ವಿಸ್ ವಿಪರೀತ ಸಿಪಿಯು ತಿನ್ನುತ್ತದೆ ಅಂತ 2018ರಲ್ಲಿ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ದೋಷಪಟ್ಟಿಯಲ್ಲಿ ದೂರು ದಾಖಲಾಯಿತು. ಐದು ವರ್ಷ ಅದು ಹಾಗೇ ಇತ್ತು. ಕೊನೆಗೆ ಪತ್ತೆಯಾದದ್ದು ಇದು: ಮೆಮೊರಿಯ ಒಂದು ಭಾಗದ ಅನುಮತಿ ಬದಲಿಸುವ ವಿಂಡೋಸ್ ಕರೆಯನ್ನು ಫೈರ್‌ಫಾಕ್ಸ್ ತುಂಬಾ ಸಲ ಮಾಡುತ್ತದೆ, ಪ್ರತಿ ಸಲವೂ ಡಿಫೆಂಡರ್ ಅದನ್ನು ಗಮನಿಸಿ ಅಗತ್ಯಕ್ಕಿಂತ ಬಹಳ ಜಾಸ್ತಿ ಲೆಕ್ಕ ಮಾಡುತ್ತಿತ್ತು. 2023ರಲ್ಲಿ ಮೈಕ್ರೋಸಾಫ್ಟ್ ಸರಿಪಡಿಸಿತು, ಫೈರ್‌ಫಾಕ್ಸ್ ಬಳಸುವಾಗ ಡಿಫೆಂಡರ್ ತಿನ್ನುವ ಸಿಪಿಯು ಸುಮಾರು 75% ಇಳಿಯಿತು ಅಂತ ಮೊಜಿಲ್ಲಾದ ಎಂಜಿನಿಯರ್‌ಗಳು ತಿಳಿಸಿದರು. ಅಲ್ಲಿಯವರೆಗೆ ಎಷ್ಟೋ ಜನ ಬ್ರೌಸರನ್ನೇ ಬೈದು ಬಿಟ್ಟುಹೋಗಿದ್ದರು. ನೀವು ಮಾಡಬೇಕಾದ್ದು, ಆಂಟಿವೈರಸ್ ಪೂರ್ತಿ ಅಪ್‌ಡೇಟ್ ಆಗಿದೆಯಾ ನೋಡುವುದು, ಎರಡು ಆಂಟಿವೈರಸ್ ಒಟ್ಟಿಗೆ ಇದ್ದರೆ ಒಂದನ್ನು ತೆಗೆಯುವುದು. ದಯವಿಟ್ಟು ಅದನ್ನು ಆಫ್ ಮಾಡಿ ಇಂಟರ್ನೆಟ್ ಬಳಸಬೇಡಿ.

ಪ್ರಶ್ನೆ: ಸಿಪಿಯು ಜಾಸ್ತಿ ಹೋದರೆ ನಮ್ಮ ಕಂಪ್ಯೂಟರ್‌ನಲ್ಲಿ ಯಾರೋ ಬಿಟ್‌ಕಾಯಿನ್ ಮೈನಿಂಗ್ ಮಾಡುತ್ತಿದ್ದಾರೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವಾ? (ಕುಂದಾಪುರದ ಸೈಬರ್ ಸೆಂಟರ್ ನಡೆಸುವವರು)

ಉತ್ತರ: ಹಿಂದೆ ನಿಜವಾಗಿ ನಡೆದಿತ್ತು, ಆದರೆ ಬಿಟ್‌ಕಾಯಿನ್ ಅಲ್ಲ, ಮೊನೆರೊ. ಅದೂ ಬಿಟ್‌ಕಾಯಿನ್ ಥರದ ಡಿಜಿಟಲ್ ಹಣ. ಮೈನಿಂಗ್ ಅಂದರೆ ಕಂಪ್ಯೂಟರ್‌ನಿಂದ ಭಾರೀ ಲೆಕ್ಕ ಮಾಡಿಸಿ ಅಂಥ ಹಣ ಗಳಿಸುವುದು. ಮೊನೆರೊವನ್ನು ಸಾಮಾನ್ಯ ಪ್ರೋಸೆಸರ್‌ನಲ್ಲೂ ಮೈನ್ ಮಾಡಬಹುದು. 2017ರ ಸೆಪ್ಟೆಂಬರ್‌ನಲ್ಲಿ ಕಾಯಿನ್‌ಹೈವ್ ಅನ್ನುವ ಸೇವೆ ಬಂತು. ಸೈಟಿನವರು ಪುಟಕ್ಕೆ ಒಂದೆರಡು ಸಾಲು ಕೋಡ್ ಹಾಕಿದರೆ ಬಂದು ಓದುವವರ ಪ್ರೋಸೆಸರ್ ಅವರಿಗಾಗಿ ದುಡಿಯುತ್ತಿತ್ತು, ಸಿಕ್ಕಿದ್ದರಲ್ಲಿ 30% ಕಾಯಿನ್‌ಹೈವ್‌ಗೆ. ಜಾಹೀರಾತಿಗೆ ಬದಲಿ ಅಂತ ಶುರುವಾದದ್ದನ್ನು ಕಳ್ಳರು ಹಿಡಿದುಕೊಂಡರು. 2018ರ ಫೆಬ್ರವರಿಯಲ್ಲಿ, ಓದಲು ಕಷ್ಟ ಇರುವವರಿಗೆ ಪುಟವನ್ನು ಓದಿ ಹೇಳುವ ಬ್ರೌಸ್‌ಅಲೌಡ್ ಅನ್ನುವ ಸಾಧನದೊಳಗೇ ಈ ಕೋಡ್ ತೂರಿಸಿದರು. ಅದನ್ನು ಬಳಸುತ್ತಿದ್ದ 4,000ಕ್ಕೂ ಹೆಚ್ಚು ಸೈಟುಗಳು, ಬ್ರಿಟನ್ನಿನ ಸರ್ಕಾರಿ ಸೈಟುಗಳೂ ಸೇರಿ, ಕೆಲವು ಗಂಟೆ ಮೈನಿಂಗ್ ಮಾಡಿದವು. ಕಾಯಿನ್‌ಹೈವ್ 2019ರ ಮಾರ್ಚ್‌ನಲ್ಲಿ ಮುಚ್ಚಿತು, ಆಮೇಲೆ ಈ ಹಾವಳಿ ಬಹಳ ಇಳಿಯಿತು. ಪೂರ್ತಿ ಹೋಗಿಲ್ಲ.

ಗುರುತಿಸುವುದು ಹೀಗೆ. ಮೈನರ್ ಹೆಚ್ಚಾಗಿ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ಹಿಡಿಯುತ್ತದೆ, ಹಾಗಾಗಿ ವಿಂಡೋಸ್‌ನಲ್ಲಿ 80, 90, 100 ಕಾಣುತ್ತದೆ, ಟ್ಯಾಬ್ ಮುಚ್ಚಿದ ಕೂಡಲೇ ಬೀಳುತ್ತದೆ. ಎಲ್ಲ ಮುಚ್ಚಿದ ಮೇಲೂ ಬೀಳದಿದ್ದರೆ ಟಾಸ್ಕ್‌ಬಾರ್ ಮೇಲಿನ ಬ್ರೌಸರ್ ಗುರುತು ನೋಡಿ. 2017ರಲ್ಲಿ ಕೆಲವರು ಟಾಸ್ಕ್‌ಬಾರ್‌ನ ಗಡಿಯಾರದ ಹಿಂದೆ ಒಂದು ಸಣ್ಣ ಕಿಟಕಿ ಅಡಗಿಸಿ ಮೈನಿಂಗ್ ಮಾಡಿಸುತ್ತಿದ್ದರು, ಜನ ಬ್ರೌಸರ್ ಮುಚ್ಚಿದ್ದೇವೆ ಅಂದುಕೊಳ್ಳುತ್ತಿದ್ದರು. ನಿಮ್ಮ ಸೆಂಟರ್‌ನಲ್ಲಿ ಹತ್ತಾರು ಜನ ಬಂದು ಹೋಗುವುದರಿಂದ ಒಂದು ಸಲಹೆ, ಗಿರಾಕಿಗಳಿಗೆ ಗೆಸ್ಟ್ ಕಿಟಕಿಯನ್ನೇ ತೆರೆದುಕೊಡಿ. ಅದರಲ್ಲಿ ಎಕ್ಸ್‌ಟೆನ್ಷನ್ ಸೇರುವುದಿಲ್ಲ, ಮುಚ್ಚಿದರೆ ಅವರ ಲಾಗಿನ್ ಕೂಡ ಉಳಿಯುವುದಿಲ್ಲ. ಪಹಣಿಗೋ ಅರ್ಜಿ ಹಾಕಲಿಕ್ಕೋ ಬಂದವರ ಖಾತೆ ಮುಂದಿನವರ ಕಣ್ಣಿಗೆ ಬೀಳುವುದೂ ತಪ್ಪುತ್ತದೆ.

ಪ್ರಶ್ನೆ: ಬ್ರೌಸರ್ ಮುಚ್ಚಿದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಹೆಸರು ಇರುತ್ತದೆ. ವೈರಸ್ಸಾ? (ದಾವಣಗೆರೆ)

ಉತ್ತರ: ಅಲ್ಲ. ಕ್ರೋಮ್ ಮತ್ತು ಎಡ್ಜ್ ಎರಡರಲ್ಲೂ, ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡಲು ಬಿಡುವ ಒಂದು ಸೆಟ್ಟಿಂಗ್ ಇದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗಕ್ಕೆ ಹೋಗಿ ಬ್ಯಾಕ್‌ಗ್ರೌಂಡ್ ಅನ್ನುವ ಪದ ಇರುವ ಆಯ್ಕೆಯನ್ನು ಆಫ್ ಮಾಡಿ. ಎಡ್ಜ್‌ನಲ್ಲಿ ಸ್ಟಾರ್ಟಪ್ ಬೂಸ್ಟ್ ಕೂಡ ಇದೆ, ಬೇಗ ತೆರೆಯಲಿ ಅಂತ ಮೊದಲೇ ಎದ್ದು ಕೂತಿರುತ್ತದೆ, ಅದನ್ನೂ ಆಫ್ ಮಾಡಬಹುದು. ಆದರೂ ಉಳಿದು ಸಿಪಿಯು ತಿನ್ನುತ್ತಿದ್ದರೆ, ಬ್ರೌಸರ್ ತೆರೆದು ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ ಬಂದ ಪಟ್ಟಿಯ ಫೋಟೊ ತೆಗೆದು ಕಳಿಸಿ. ಮೇಲಿನ ಮೂರು ಸಾಲು ಕಂಡರೆ ಸಾಕು.